ಎಂಟು ಗಂಟೆಯ ಮಾತ್ರೆ

ಎಲ್ಲ ಅನಾಹುತಕ್ಕೂ ಕಾರಣ ಮದ್ರಾಸಿನಿಂದ ಬಂದ ಒಂದು ಫೋನ್.

"ಸಮದ್, ನಾಳೆ ಮಂಗಳೂರಿನ ಲ್ಯಾಬಿನಲ್ಲಿ ರಕ್ತ ಕೊಡಿ. ಅದಕ್ಕಿಂತ ಮೊದಲು ಬೆಳಗಿನ ಮಾತ್ರೆ ನುಂಗಬೇಡಿ. ಹಿಂದಿನ ದಿನದ ಔಷಧಿ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ನೋಡಬೇಕು. ಕಡಿಮೆ ಆದರೆ ಹೃದಯಕ್ಕೆ ಕಷ್ಟ, ಹೆಚ್ಚಾದರೆ ಕಿಡ್ನಿಗೆ ಕಷ್ಟ. ಇನ್ನು ಅಂದಾಜಿನಲ್ಲಿ ನಡೆಸುವ ಹಾಗಿಲ್ಲ," ಎಂದರು ಡಾಕ್ಟರು.

ಮಾಣಿ ಜಂಕ್ಷನ್ನಿನಲ್ಲಿ ಫ್ಯಾನ್ಸಿ ಅಂಗಡಿ ಇಟ್ಟುಕೊಂಡಿದ್ದ ಅಬ್ದುಲ್ ಸಮದ್ ನಿಶ್ಚಿಂತೆಯಿಂದ ಫೋನ್ ಇಟ್ಟ. ಒಂದು ಮಾತ್ರೆಯನ್ನು ನುಂಗದೆ ಇರುವುದಕ್ಕಿಂತ ಸುಲಭದ ಕೆಲಸ ಇನ್ಯಾವುದಿದೆ? ಊರಿನವರನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಊರಿನವರದೂ ತಪ್ಪಲ್ಲ. ಎರಡು ಸಾವಿರದ ಮೂರನೇ ಇಸವಿಯ ಆರಂಭದಲ್ಲಿ ಸಮದ್ ಬೇರೆಯವರ ಹೃದಯ ಹಾಕಿಸಿಕೊಂಡು ಮದ್ರಾಸಿನಿಂದ ಬಂದಿಳಿದಾಗ, ನೋಡಲು ಬಂದವರಿಗೆಲ್ಲ ತಾನೇ ಪಾಠ ಮಾಡಿದ್ದ. "ಹೃದಯ ಯಾವನೋ ಪುಣ್ಯಾತ್ಮನದ್ದು. ನನ್ನ ಮೈಗೆ ಅದರ ಗುರುತು ಇಲ್ಲ. ಗುರುತು ಇಲ್ಲದವನು ಮನೆಗೆ ಹೊಕ್ಕಿದ ಅಂತ ಮೈಯ ಸೈನ್ಯವೇ ಎದ್ದು ಅದಕ್ಕೆ ಬಡಿಯುತ್ತದಂತೆ. ಆ ಸೈನ್ಯವನ್ನು ಮಲಗಿಸಲಿಕ್ಕೆ ಈ ಮಾತ್ರೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ. ತಪ್ಪಿತೋ, ನಾನು ಮುಗಿದೆ. ದಯವಿಟ್ಟು ನೆನಪು ಮಾಡಿ."

ಮಾಣಿಯವರು ನೆನಪು ಮಾಡಿದರು. ಎಂಟು ಹೊಡೆದರೆ ಸಾಕು, ದಿನಸಿ ಅಂಗಡಿಯವನು ತಕ್ಕಡಿ ಬಿಟ್ಟು ಕೂಗುತ್ತಿದ್ದ, ರಿಕ್ಷಾದವರು ಹಾರ್ನ್ ಬಾರಿಸುತ್ತಿದ್ದರು. ಇವರೆಲ್ಲರ ಮೇಲೆ ಪಕ್ಕದ ಮನೆಯ ಜಲಜಾಕ್ಷಿ ಟೀಚರ್. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಹೋಂವರ್ಕ್ ನೋಡಿ ನಿವೃತ್ತರಾದವರು. ಸಮದ್ ಮಾತ್ರೆ ನುಂಗಿ, ಬೇಲಿಯ ಬಳಿ ಬಂದು ಬಾಯಿ ತೆರೆದು ತೋರಿಸಬೇಕು. ನಾಲಗೆ ಎತ್ತಿಸಿ ನೋಡಿದ ಮೇಲೆ ಅವರು ಕ್ಯಾಲೆಂಡರಿನಲ್ಲಿ ಸರಿ ಗುರುತು ಹಾಕುತ್ತಿದ್ದರು. ಹೆಂಡತಿ ಜುಲೈಕಾ ತಂಗಿಯ ಬಾಣಂತನಕ್ಕೆ ತವರಿಗೆ ಹೋಗುವಾಗ ಗಂಡನನ್ನು ಒಪ್ಪಿಸಿ ಹೋದದ್ದೂ ಇವರಿಗೇ.

ಮರುದಿನ ಮಂಗಳವಾರ. ಬೆಳಿಗ್ಗೆ ಏಳಕ್ಕೆ ಸಮದ್ ಸೋಂಕು ತಗಲದ ಹಾಗೆ ಮೂಗು ಬಾಯಿಗೆ ಬಟ್ಟೆಯ ಮಾಸ್ಕ್ ಕಟ್ಟಿಕೊಂಡು, ಮಾತ್ರೆಯನ್ನು ಜೇಬಿಗೆ ಹಾಕಿಕೊಂಡು ಹೊರಬಿದ್ದ.

"ಎಲ್ಲಿಗೆ ಹೊರಟದ್ದು? ಮಾತ್ರೆ ಎಂಥ ಆಯಿತು?" ಬೇಲಿಯಾಚೆಯಿಂದ ಟೀಚರ್ ಕೇಳಿದರು.

"ಇವತ್ತು ಎಂಟಕ್ಕೆ ತಗೊಳ್ಳಲಿಕ್ಕಿಲ್ಲ ಟೀಚರ್. ಡಾಕ್ಟರೇ ಬೇಡ ಅಂದಿದ್ದಾರೆ."

ಟೀಚರ ಕನ್ನಡಕ ಮೂಗಿನ ತುದಿಗೆ ಇಳಿಯಿತು. ನಾಯಿ ಪುಸ್ತಕ ತಿಂದಿತು ಎಂದ ಹುಡುಗರನ್ನು ಅವರು ನೋಡುತ್ತಿದ್ದದ್ದು ಹೀಗೆಯೇ.

"ಔಷಧಿ ಬೇಡ ಅನ್ನುವ ಡಾಕ್ಟರ್ ಎಲ್ಲಿ ಉಂಟು ಮಾರಾಯ? ಹೆಂಡತಿ ಇಲ್ಲದ ದಿನ ನೋಡಿ ಹೀಗೆ ಮಾಡುವುದಾ?"

ಅಷ್ಟರಲ್ಲಿ ಬಸ್ ಬಂತು. ಸಮದ್ ವಿವರಿಸುವುದು ಬಿಟ್ಟು ಓಡಿದ. ಓಡಿದ್ದೇ ದೊಡ್ಡ ತಪ್ಪಾಯಿತು. ಕದ್ದು ಓಡುತ್ತಿದ್ದಾನೆಂದು ಖಾತ್ರಿಯಾದ ಟೀಚರ್ ಬೇಲಿ ದಾಟಿ ಬಂದು, ಅದೇ ಊರಿನ ಕಂಡಕ್ಟರ್ ಸುಧಾಕರನಿಗೆ ಕೂಗಿ ಹೇಳಿದರು: "ಸುಧಾಕರಾ, ಇವರು ಮಾತ್ರೆ ಬಿಟ್ಟಿದ್ದಾರೆ! ಎಂಟಕ್ಕೆ ನುಂಗಿಸದಿದ್ದರೆ ನಿನ್ನನ್ನು ನಾನು ಬಿಡುವುದಿಲ್ಲ!" ಸುಧಾಕರ ಅವರ ಹಳೆಯ ವಿದ್ಯಾರ್ಥಿ. ಅವರ ಬೆತ್ತದ ರುಚಿಯನ್ನು ಅವನ ಅಂಗೈ ಇನ್ನೂ ಮರೆತಿರಲಿಲ್ಲ.

ಕಲ್ಲಡ್ಕ ದಾಟುವಾಗ ಟಿಕೇಟು ಹರಿಯುತ್ತ ಸುಧಾಕರ ಇಡೀ ಬಸ್ಸಿಗೆ ಸಂಗತಿ ತಿಳಿಸಿದ. ಬಿ.ಸಿ. ರೋಡ್ ಬರುವಷ್ಟರಲ್ಲಿ ಪ್ರಯಾಣಿಕರಲ್ಲಿ ಎರಡು ಪಕ್ಷಗಳಾದವು. ಸಮದನಿಗೆ ಜೀವನವೇ ಬೇಸರ ಬಂದಿದೆ ಎಂದು ಒಂದು ಪಕ್ಷ, ತಲೆ ಕೆಟ್ಟಿದೆ ಎಂದು ಇನ್ನೊಂದು. ಮಾತ್ರೆ ನುಂಗಿಸಬೇಕೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಇರಲಿಲ್ಲ.

ಎಂಟಕ್ಕೆ ಸರಿಯಾಗಿ ಫರಂಗಿಪೇಟೆಯಲ್ಲಿ ಬಸ್ ನಿಂತಿತು. ಸುಧಾಕರ ಸೀಟಿಯನ್ನು ಜೇಬಿಗೆ ಹಾಕಿಕೊಂಡ.

"ಸಮದಾಕ, ನೀವು ನುಂಗುವವರೆಗೆ ಬಸ್ ಹೋಗಲಿಕ್ಕಿಲ್ಲ."

"ನನಗೆ ಒಂಬತ್ತಕ್ಕೆ ಪರೀಕ್ಷೆ ಉಂಟು!" ಎಂದಳು ಒಬ್ಬಳು ಕಾಲೇಜು ಹುಡುಗಿ. "ನನಗೆ ಕೋರ್ಟಿನಲ್ಲಿ ಕೇಸ್ ಉಂಟು, ಬೇಗ ನುಂಗಿ ಮಾರಾಯ್ರೆ!" ಎಂದರು ಒಬ್ಬ ದಪ್ಪ ಮೀಸೆಯವರು. ಸಮದ್ ಎದ್ದು ನಿಂತು ರಕ್ತ, ಲ್ಯಾಬು, ಕಿಡ್ನಿ ಎಲ್ಲವನ್ನೂ ವಿವರಿಸಿದ. ಬಸ್ಸಿನ ಗಲಾಟೆಯಲ್ಲಿ ಮಾಸ್ಕಿನೊಳಗಿಂದ ಕೇಳಿಸಿದ್ದು ಬರೀ ಗೊರಗೊರ.

ಕೊನೆಗೆ ಅವನು ಉಪಾಯ ಮಾಡಿದ. ಜೇಬಿನಿಂದ ಒಂದು ಪೆಪ್ಪರ್‌ಮೆಂಟು ತೆಗೆದು, ಮಾಸ್ಕ್ ಸರಿಸಿ, ಗಂಭೀರ ಮುಖ ಮಾಡಿ ನುಂಗಿದ. ಬಸ್ಸು ನಿಟ್ಟುಸಿರು ಬಿಟ್ಟಿತು. ಆದರೆ ಪಕ್ಕದಲ್ಲಿ ಕುಳಿತಿದ್ದ ಮುದುಕಿ ಪಾತುಮ್ಮ ಮಾಣಿಯವಳೇ. ಆ ಮಾತ್ರೆಯ ಪೊಟ್ಟಣ ಒಡೆದರೆ ಸೀಮೆಎಣ್ಣೆಯಲ್ಲಿ ಮೀನು ಹುರಿದಂಥ ನಾತ ನಾಲ್ಕು ಮನೆಗೆ ಹೊಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಅವಳು ಸಮದನ ಬಾಯಿಯ ಹತ್ತಿರ ಮೂಗು ತಂದು ಎರಡು ಸಲ ಎಳೆದಳು.

"ಪೆಪ್ಪರ್‌ಮೆಂಟು!" ಎಂದು ಕಿರುಚಿದಳು. "ಮೋನೇ, ನಿನ್ನ ಹೃದಯಕ್ಕಾಗಿ ನಾನು ಮೂರು ದಿನ ಉಪವಾಸ ಹಿಡಿದಿದ್ದೇನೆ. ನನಗೇ ಮೋಸವಾ?"

ಮುಂದಿನದು ನಿಮಿಷದ ಕೆಲಸ. ಮೀಸೆಯವರು ಕೈ ಹಿಡಿದರು, ಕಾಲೇಜು ಹುಡುಗಿ ನೀರಿನ ಬಾಟಲಿ ಕೊಟ್ಟಳು, ಸುಧಾಕರ ಸಮದನ ಜೇಬಿನಿಂದ ಅಸಲಿ ಮಾತ್ರೆ ತೆಗೆದು ಪೊಟ್ಟಣ ಒಡೆದ, ಪಾತುಮ್ಮ ಮಗುವಿಗೆ ಹರಳೆಣ್ಣೆ ಕುಡಿಸುವಂತೆ ಮೂಗು ಹಿಡಿದಳು. "ನುಂಗು! ನುಂಗು!" ಎಂದು ಬಸ್ಸೆಲ್ಲ ಕೂಗಿತು. ಗುಳುಕ್ಕೆಂದು ಮಾತ್ರೆ ಇಳಿಯಿತು. ಜನ ಚಪ್ಪಾಳೆ ತಟ್ಟಿದರು, ಸುಧಾಕರ ಸೀಟಿ ಊದಿದ, ಬಸ್ ಹೊರಟಿತು. ಸಮದನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಪಾತುಮ್ಮನೂ ಅತ್ತಳು. ಇಷ್ಟು ಪ್ರೀತಿಸುವವರನ್ನು ಬೈಯುವುದಾದರೂ ಹೇಗೆಂದು ಸಮದನಿಗೆ ತಿಳಿಯಲಿಲ್ಲ.

"ಮಾತ್ರೆ ತಗೊಂಡು ಬಂದಿರಾ? ಹಾಗಾದರೆ ಪ್ರಯೋಜನ ಇಲ್ಲ," ಎಂದ ಲ್ಯಾಬಿನವನು. "ಈ ಪರೀಕ್ಷೆ ವಾರಕ್ಕೆ ಎರಡೇ ದಿನ, ಇವತ್ತು ಮತ್ತು ನಾಳೆ. ನಾಳೆ ಖಂಡಿತ ತಗೊಳ್ಳದೆ ಬನ್ನಿ." ಲ್ಯಾಬಿನ ಫೋನ್ ನಂಬರ್ ಅಚ್ಚಾಗಿದ್ದ ಒಂದು ಚೀಟಿಯಲ್ಲಿ ಸಮಯ ಬರೆದು ಕೊಟ್ಟ.

ಸಂಜೆ ಸಮದ್ ಊರಿನವರನ್ನೆಲ್ಲ ಅಂಗಳದಲ್ಲಿ ಸೇರಿಸಿದ. ಮಾಸ್ಕ್ ಇಳಿಸಿ, ದೂರ ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: "ರಕ್ತ ಕೊಡುವ ಮೊದಲು ಮಾತ್ರೆ ನುಂಗಬಾರದು." ಸುಧಾಕರ ಕೆನ್ನೆ ಕೆನ್ನೆ ಬಡಿದುಕೊಂಡ. ಪಾತುಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಲಜಾಕ್ಷಿ ಟೀಚರ್ ವಾಕ್ಯವನ್ನು ಎಲ್ಲರಿಂದ ಮೂರು ಸಲ ಹೇಳಿಸಿದರು. ಸಮದನ ಮನಸ್ಸು ಹಗುರವಾಯಿತು.

ಎಂಟು ಗಂಟೆಯಾಯಿತು. ಅವನು ಸಂಜೆಯ ಮಾತ್ರೆಯ ಪೊಟ್ಟಣ ಒಡೆದ. ನಾತ ಅಂಗಳಕ್ಕೆ ಹರಡಿತು.

"ಹಿಡಿಯಿರಿ!" ಎಂದರು ಟೀಚರ್. "ರಕ್ತ ಕೊಟ್ಟಾಯಿತಾ ನಿಮ್ಮದು?"

"ಇಲ್ಲ, ನಾಳೆ…"

"ಮತ್ತೆ? ಈಗ ತಾನೇ ಎಂಥ ಹೇಳಿದ್ದು?"

"ಅಯ್ಯೋ, ಅದು ಬೆಳಗಿನ ಮಾತ್ರೆ ಟೀಚರ್! ಇದು ಸಂಜೆಯದ್ದು, ಇದನ್ನು ಬಿಟ್ಟರೆ ನಾನು ಸಾಯ್ತೇನೆ!"

"ಬೆಳಿಗ್ಗೆ ಪೆಪ್ಪರ್‌ಮೆಂಟು ತಿಂದವನ ಮಾತು ನಂಬುವುದಾ?" ಎಂದಳು ಪಾತುಮ್ಮ. ಸುಧಾಕರ ಮುಂದೆ ಬಂದ. ಸಮದ್ ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದು ಒಳಗೆ ಓಡಿ, ಬಚ್ಚಲಿಗೆ ಹೊಕ್ಕು ಚಿಲಕ ಹಾಕಿ, ನಳ್ಳಿಯ ನೀರಿನಲ್ಲೇ ನುಂಗಿಬಿಟ್ಟ. ಹೊರಗೆ ಇಡೀ ಮಾಣಿ ಬಾಗಿಲು ಬಡಿಯುತ್ತಿತ್ತು: "ಉಗುಳು! ಉಗುಳು!"

ಕಾಲು ಗಂಟೆಯ ಮೇಲೆ ಸದ್ದಡಗಿತು. ಗೆದ್ದೆನೆಂದುಕೊಂಡು ಸಮದ್ ಎದೆಯ ಮೇಲೆ ಕೈಯಿಟ್ಟುಕೊಂಡೇ ಹೊರಗೆ ಬಂದ. ಹೃದಯ ಕ್ಷೇಮವಾಗಿತ್ತು. ಬೆಳಿಗ್ಗೆ ಒಂದು ಪರೀಕ್ಷೆ ಮುಗಿದರೆ ಎಲ್ಲ ಸರಿಯಾಗುತ್ತದೆ. ಅಷ್ಟರಲ್ಲಿ ಟೀಚರ್ ಫೋನಿನ ಬಳಿಯಿಂದ ಬಂದರು. ಅವರ ಕೈಯಲ್ಲಿ ಲ್ಯಾಬಿನ ಚೀಟಿ ಇತ್ತು.

"ನನ್ನ ಕಣ್ಣೆದುರು ಪರೀಕ್ಷೆಯಲ್ಲಿ ಮೋಸ ನಡೆಯಲಿಕ್ಕೆ ನಾನು ಬಿಟ್ಟವಳಲ್ಲ. ಇವರು ರಕ್ತ ಕೊಡುವ ಮೊದಲು ನುಂಗಬಾರದ ಮಾತ್ರೆ ನುಂಗಿದ್ದಾರೆ ಅಂತ ಲ್ಯಾಬಿನವರಿಗೆ ಹೇಳಿದೆ. ಹಾಗಾದರೆ ನಾಳೆ ಬರುವುದು ಬೇಡ, ಮುಂದಿನ ಮಂಗಳವಾರ ಬರಲಿ ಅಂದರು."

ಸಮದ್ ಗೋಡೆಗೆ ಒರಗಿ ಕುಸಿದ. ಟೀಚರ್ ಚೀಟಿ ಮಡಚಿಟ್ಟರು. ಹತ್ತಿರ ಬಂದು ಮೆತ್ತಗೆ ಹೇಳಿದರು: "ಬೇಸರ ಮಾಡಬೇಡಿ ಸಮದ್. ನಿಮ್ಮೊಬ್ಬರಿಂದ ಇದು ಆಗುವ ಕೆಲಸ ಅಲ್ಲ. ಮುಂದಿನ ಸಲ ನಾವೆಲ್ಲ ಒಟ್ಟಿಗೆ ಒಂದೇ ಬಸ್ಸಿನಲ್ಲಿ ಹೋಗುವ."