ಮೂರು ಮನೆಯ ಗ್ರೀಸು

ಸೋಮಶೇಖರ್ ಕೆಟ್ಟವನಲ್ಲ, ದಡ್ಡನೂ ಅಲ್ಲ. ಯಾರಿಗೂ ಬೇಡ ಎನ್ನಲು ಬಾಯಿ ಬಾರದವನು, ಅಷ್ಟೆ. ತುಮಕೂರಿನಲ್ಲಿ ಸ್ಕೂಲ್ ಯೂನಿಫಾರ್ಮ್ ಬಟ್ಟೆಯ ಅಂಗಡಿ ಇಟ್ಟುಕೊಂಡು ಹಾಯಾಗಿದ್ದ ಅವನಿಗಿದ್ದ ಒಂದೇ ಹುಚ್ಚೆಂದರೆ ಹಳೆಯ ಫೋರ್ ವೀಲ್ ಡ್ರೈವ್ ಜೀಪು. ಅದೋ, ಮನಸ್ಸು ಬಂದಲ್ಲಿ ಮುನಿಸಿಕೊಂಡು ನಿಲ್ಲುತ್ತಿತ್ತು. ಕೊನೆಗೆ ಹೆಂಡತಿ ಬಸವಲಿಂಗಮ್ಮ ತೀರ್ಮಾನ ಹೇಳಿಬಿಟ್ಟಳು.

"ನೋಡ್ರೀ, ಭಾನುವಾರ ಮಾರ್ಕೋನಹಳ್ಳಿಗೆ ನನ್ ತಮ್ಮನ ಮನೇಗ್ ಹೋಗ್ತಿದೀವಿ. ದಾರೀಲಿ ಏನೂ ಕೆಡದೆ ಹೋಗಿ ಸೇರಿದ್ರೆ ನಿಮ್ ಜೀಪು ನಿಮಗೆ. ಕೆಡ್ತೋ, ಚನ್ನೇಶಂಗೆ ಕೊಟ್ಬುಟ್ಟು ಬಸ್ಸಲ್ಲಿ ವಾಪಸ್ ಬರೋದು. ಅವನಿಗಾದ್ರೆ ಗದ್ದೆ ಕೆಸರಲ್ಲಿ ಓಡಾಡೋಕ್ ಆಗುತ್ತೆ."

ಭಾನುವಾರ ಬೆಳಿಗ್ಗೆ ಎದ್ದವನೇ ಸೋಮಶೇಖರ್ ಮುಂದಿನ ಚಕ್ರ ಬಿಚ್ಚಿ, ಆಕ್ಸಲ್ಲಿನ ಹಳೆ ಗ್ರೀಸನ್ನೆಲ್ಲ ಒರೆಸಿ ತೆಗೆದು, ಹೊಸ ಡಬ್ಬದ ಗ್ರೀಸನ್ನು ತುಂಬತೊಡಗಿದ. ಬೇರೆ ಗ್ರೀಸಿನ ಜೊತೆ ಬೆರೆಸಬೇಡಿ ಎಂದು ಡಬ್ಬದ ಮೇಲೆ ಅಚ್ಚಾಗಿತ್ತು. ಅದನ್ನು ಜೋರಾಗಿ ಓದಿದ್ದೇ ತಪ್ಪಾಯಿತು.

"ಕಂಪ್ನಿಯೋರು ಹಂಗಲ್ದೆ ಇನ್ನೆಂಗ್ ಬರೀತಾರೆ? ಅವರ ಮಾಲು ಖರ್ಚಾಗ್ಬೇಕಲ್ಲಯ್ಯಾ!" ಎನ್ನುತ್ತ ಪಕ್ಕದ ಮನೆಯ ಮಹಾದೇವಯ್ಯ ಬಂದರು. ಬಸ್ ಡಿಪೋದಲ್ಲಿ ರಿಟೈರಾದವರು. ಕೈಯಲ್ಲಿ ಕಂದು ಗ್ರೀಸಿನ ಡಬ್ಬವಿತ್ತು. "ಇದನ್ನ ಒಂದ್ ಹಿಡಿ ಸೇರ್ಸು. ಆಮೇಲ್ ನನ್ನ ನೆನೆಸ್ಕೊ."

ಊರಿಗೆ ಹೋದಾಗಲೆಲ್ಲ ಮನೆಯ ಬೀಗದ ಕೈ ಇರುವುದು ಅವರ ಹತ್ತಿರ. ಬೇಡವೆನ್ನುವುದು ಹೇಗೆ? ಸೋಮಶೇಖರ್ ಒಂದು ಹಿಡಿ ಹಾಕಿದ.

ಎದುರುಮನೆಯ ಸುಬ್ಬಕೃಷ್ಣ ಇದನ್ನು ಕಂಡು ಸುಮ್ಮನಿರುವವರಲ್ಲ. ಅವರ ತಂಗಿಯ ಮನೆ ಗುಬ್ಬಿ ಕಡೆ, ಬಿದರೆಹಳ್ಳಿ ಕಾವಲ್ ಹತ್ತಿರ. ಅಲ್ಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯ ಕಾಂಪೌಂಡು ಬಸ್ಸಿನ ಕಿಟಕಿಯಿಂದ ಕಂಡ ದಿನವೇ ಅವರಿಗೆ ಯಂತ್ರವಿದ್ಯೆಯೆಲ್ಲ ಕರಗತವಾಗಿತ್ತು. "ಈ ನೀಲಿ ಗ್ರೀಸು ಹಾಕ್ರೀ ಸೋಮಶೇಖರ್. ಹೆಲಿಕಾಪ್ಟರ್ರೇ ಹಾರುತ್ತೆ, ನಿಮ್ ಜೀಪ್ ಯಾವ ಲೆಕ್ಕ?" ಎಂದರು. ಜೀಪು ನಿಲ್ಲುತ್ತಿದ್ದುದು ಅವರ ಖಾಲಿ ಸೈಟಿನಲ್ಲಿ. ಇನ್ನೊಂದು ಹಿಡಿ ಒಳಗೆ ಹೋಯಿತು.

ಅಷ್ಟರಲ್ಲಿ ಬೀದಿಕೊನೆಯ ಹಿಟ್ಟಿನ ಮಿಲ್ಲಿನ ರಂಗಮ್ಮ ಬಾಳೆಲೆಯಲ್ಲಿ ಕರೀ ಗ್ರೀಸು ತಂದರು. "ನಮ್ ಮಿಲ್ಲು ಒಂದಿನಾನಾದ್ರೂ ನಿಂತೈತಾ, ಹೇಳಪ್ಪಾ?" ರಾಗಿ ಬೀಸಿಕೊಡುವ ತಾಯಿಗೆ ಎದುರಾಡುವುದುಂಟೆ! ಮದುವೆಯೂಟದ ಪಂಕ್ತಿಯಲ್ಲಿ ಸಿಕ್ಕಿಬಿದ್ದವನಂತೆ ಸೋಮಶೇಖರ್ ಅದನ್ನೂ ಹಾಕಿಸಿಕೊಂಡ. ತಂತಮ್ಮ ಗ್ರೀಸು ಒಳಗೆ ಹೋದದ್ದನ್ನು ಕಣ್ಣಾರೆ ನೋಡಿಯೇ ಗಂಡಸರಿಬ್ಬರೂ ಕದಲಿದರು. ರಂಗಮ್ಮ ಮಾತ್ರ ಕದಲಲಿಲ್ಲ. "ಮಾರ್ಕೋನಹಳ್ಳಿ ಡ್ಯಾಮ್ ನೋಡಿ ಯಾವ್ ಕಾಲ ಆಯ್ತೋ" ಎಂದು ಜೀಪಿನ ಹಿಂದಿನ ಸೀಟು ಹತ್ತಿದರು. ಮಾತಿಗೆ ಜೊತೆಯಾಯಿತೆಂದು ಬಸವಲಿಂಗಮ್ಮನೂ ಹಿಂದೆಯೇ ಕುಳಿತಳು.

ಹೆಬ್ಬೂರು ದಾಟುತ್ತಿದ್ದಂತೆ ಮುಂದಿನ ಎಡಗಡೆಯಿಂದ ಕಮಟು ವಾಸನೆ ಬಂತು. ಸೋಮಶೇಖರ್ ಗಾಡಿ ನಿಲ್ಲಿಸಿ, ಸುತ್ತು ಹಾಕಿ ಹೋಗಿ, ಎಡಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ನೋಡಿದ. ಒಂದಕ್ಕೊಂದು ಹೊಂದದ ಗ್ರೀಸುಗಳು ಕರಗಿ ಮಜ್ಜಿಗೆಯಂತಾಗಿ ಸೀಲಿನ ಸಂದಿಯಿಂದ ತೊಟ್ಟಿಕ್ಕುತ್ತಿದ್ದವು. ಸದ್ದಿಲ್ಲದೆ ಒರೆಸಿ, ಬಟ್ಟೆಯನ್ನು ಬೇಲಿಗೆಸೆದು, ಬಾಟಲಿ ನೀರಿನಲ್ಲಿ ಕೈ ತೊಳೆದು ಬಂದ.

ಗಂಡಸು ರಸ್ತೆ ಬದಿಯಲ್ಲಿ ಕುಕ್ಕರಿಸಿದರೆ ಮರ್ಯಾದಸ್ಥ ಹೆಂಗಸರು ಏನು ಮಾಡಬೇಕೋ ಹಿಂದಿನ ಸೀಟಿನ ಇಬ್ಬರೂ ಅದನ್ನೇ ಮಾಡಿದ್ದರು. ಮುಖವನ್ನು ಬಲಕ್ಕೆ ತಿರುಗಿಸಿಕೊಂಡು ಹೊಲ ನೋಡುತ್ತಿದ್ದರು. ಹೀಗಾಗಿ ಗ್ರೀಸು ಯಾರ ಕಣ್ಣಿಗೂ ಬೀಳಲಿಲ್ಲ.

ಕುಣಿಗಲ್ ಕೆರೆ ಏರಿಯ ಮೇಲೆ ಮತ್ತೆ ನಿಲ್ಲಿಸಿದ, ಯಡಿಯೂರಿನ ಹತ್ತಿರ ಮತ್ತೆ. ಪ್ರತಿ ಸಲವೂ ಅದೇ ಕುಕ್ಕರಿಸುವುದು, ಅದೇ ಕೈ ತೊಳೆಯುವುದು.

"ಬಸವಲಿಂಗಮ್ಮಾ," ರಂಗಮ್ಮ ದನಿ ತಗ್ಗಿಸಿದರು, "ನಮ್ಮೋರ್ಗೂ ಹಿಂಗೇ ಸುರುವಾಗಿದ್ದು. ಇದು ಸುಗರ್ರೇ ಕಣವ್ವ."

"ಶಿವನೇ! ರೀ, ಯಾವಾಗಿಂದ ಹಿಂಗೆ?"

"ಏನಿಲ್ಲ ಬಿಡೇ" ಎಂದ ಸೋಮಶೇಖರ್, ಕನ್ನಡಿಯಲ್ಲಿ ಅವಳ ಮುಖ ನೋಡದೆ. ಜೀಪು ಉಳಿಯುವುದಾದರೆ ಒಂದು ಕಾಯಿಲೆ ಬಂದರೂ ಬರಲಿ ಎಂದುಕೊಂಡ.

ಮಾರ್ಕೋನಹಳ್ಳಿಯ ಚನ್ನೇಶನ ಅಂಗಳದಲ್ಲಿ ಜೀಪು ಗತ್ತಿನಿಂದ ನಿಂತಾಗ ಸೋಮಶೇಖರನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಗೆದ್ದೆ ಎಂದುಕೊಂಡೇ ಊಟಕ್ಕೆ ಕುಳಿತ. ಎಲ್ಲರ ಎಲೆಗೂ ಹೋಳಿಗೆ ಬಿತ್ತು, ಮೇಲೆ ತುಪ್ಪ ಬಿತ್ತು. ಅವನ ಮುಂದೆ ಮಾತ್ರ ಒಂದು ಲೋಟ ಹಾಗಲಕಾಯಿ ರಸ ಬಂತು. ರಂಗಮ್ಮ ಅಡುಗೆಮನೆಗೆ ವರದಿ ಒಪ್ಪಿಸಿಯಾಗಿತ್ತು. ಜೀಪನ್ನು ನೆನೆಸಿಕೊಂಡು, ಕಣ್ಣು ಮುಚ್ಚಿ, ಗಟಗಟ ಕುಡಿದುಬಿಟ್ಟ.

"ಗಾಡಿ ಕೆಡಲಿಲ್ಲ, ಒಪ್ಕೊಂಡೆ," ಎಂದಳು ಬಸವಲಿಂಗಮ್ಮ. "ಅದು ನಮ್ಮನೇಲೇ ಇರ್ಲಿ. ಆದ್ರೆ ನೀವಿನ್ನು ಓಡ್ಸೋ ಹಂಗಿಲ್ಲ. ಸುಗರ್ರಲ್ಲಿ ತಲೆ ಸುತ್ತಿ ಎಲ್ಲಾದ್ರೂ ಗುದ್ದಿದ್ರೆ? ವಾಪಸ್ ಚನ್ನೇಶನೇ ಓಡಿಸ್ಲಿ, ಕೀ ಕೊಡಿ."

"ಕೊಡಿ ಭಾವ," ಎಂದ ಚನ್ನೇಶ, ಆಗಲೇ ಕೈ ಚಾಚಿಕೊಂಡು.

ಸೋಮಶೇಖರನಿಗೆ ತಡೆಯಲಾಗಲಿಲ್ಲ. "ನಂಗ್ಯಾವ ಸುಗರ್ರೂ ಇಲ್ಲ ಕಣೇ! ಈ ಮೂರು ಮನೆಯೋರ ಗ್ರೀಸು ಬೆರೆಸಿ ಚಕ್ರ ಸೋರ್ತಿತ್ತು. ಅದನ್ನ ಒರೆಸೋಕೆ ಇಳೀತಿದ್ದೆ, ಅಷ್ಟೇ!" ಎಂದು ಕೂಗಿ, ಗ್ರೀಸು ಮೆತ್ತಿದ ಅಂಗಿತೋಳು ತೋರಿಸಿದ.

ಬಸವಲಿಂಗಮ್ಮ ತೋಳು ಮೂಸಿ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಸದ್ಯ! ಯಡಿಯೂರಿಂದ ನನ್ ಜೀವ್ದಲ್ಲಿ ಜೀವ ಇರ್ಲಿಲ್ಲ ಕಣ್ರೀ," ಎನ್ನುತ್ತ ಅವನ ಎಲೆಗೆ ತಾನೇ ಹೋಳಿಗೆ ಹಾಕಿದಳು. ಇವಳಿಗೆ ನನ್ನ ಮೇಲೆ ಇಷ್ಟೊಂದು ಜೀವವೇ ಎಂದು ಸೋಮಶೇಖರನ ಮನಸ್ಸು ತುಂಬಿ ಬಂತು. ಒಂದು ಹೋಳಿಗೆಯನ್ನು ಮಡಿಸಿ ಇಡಿಯಾಗಿ ಬಾಯಿಗಿಟ್ಟುಕೊಂಡ.

ಬಸವಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಂಗಾದ್ರೆ ಕೆಟ್ಟಿದ್ದು ಜೀಪು ಅಂತಾಯ್ತು. ಚನ್ನೇಶ, ಕೀ ಇಸ್ಕೊಂಡು ನೀನೇ ಇಟ್ಕೊಳ್ಳೋ. ರೀ, ಕೊನೇ ಬಸ್ಸು ಎಷ್ಟೊತ್ತಿಗೆ?"

ಸೋಮಶೇಖರ್ ಏನೋ ಹೇಳಲು ನೋಡಿದ. ಬಾಯಿ ತುಂಬ ಹೋಳಿಗೆ ಇತ್ತು.