ಗದರಲು ಬಾರದ ಅಕ್ಕ

ನಮ್ಮಕ್ಕನಿಗೆ ಗದರಲು ಬರುವುದಿಲ್ಲ. ಹಾಡಲು ಬಾರದವರಿದ್ದಾರೆ, ಚಪಾತಿ ಗುಂಡಗೆ ಲಟ್ಟಿಸಲು ಬಾರದವರಿದ್ದಾರೆ, ಒಪ್ಪೋಣ. ಆದರೆ ಒಂದು ಮಗುವನ್ನು ಹೆತ್ತು ಸಾಕುವ ಹೆಂಗಸಿಗೆ ಗದರಲು ಬಾರದೆಂದರೆ ಯಾರಾದರೂ ನಂಬುತ್ತಾರೆಯೇ? ನಾನೇ ಸಾಕ್ಷಿ. ತೊಂಬತ್ತರ ದಶಕದಲ್ಲಿ ಅಕ್ಕನ ಮನೆ ಎನ್.ಆರ್. ಕಾಲೋನಿಯಲ್ಲಿತ್ತು, ನನ್ನ ರೂಮು ಎರಡು ರಸ್ತೆ ಆಚೆ. ಕಾಫಿಯ ನೆಪದಲ್ಲಿ ನಾನು ದಿನಾ ಅಲ್ಲೇ ಹಾಜರು!

ಮಗಳು ಪುಟ್ಟಿಗೆ ಆಗ ನಾಲ್ಕು ವರ್ಷ. ಗೌರಿ ಹಬ್ಬಕ್ಕೆಂದು ಸುಣ್ಣ ಬಳಿಸಿದ್ದ ಗೋಡೆಯ ಮೇಲೆ ಇದ್ದಿಲಿನಲ್ಲಿ ಆನೆ ಬರೆದಿದ್ದಳು. ಈಗ ಬೀಳುತ್ತದೆ ಏಟು ಎಂದು ನಾನು ಲೋಟ ಕೆಳಗಿಟ್ಟೆ. ಅಕ್ಕ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಗೋಡೆ ಮೇಲೆ ಬರೀಬಾರ್ದು ಅಂತ ನಾನು ಮೊದ್ಲೇ ಹೇಳ್ಬೇಕಿತ್ತು ಪುಟ್ಟೀ. ತಪ್ಪು ನಂದೇ" ಎಂದಳು.

ಪುಟ್ಟಿ ದೊಡ್ಡ ಮನಸ್ಸು ಮಾಡಿ, "ಪರವಾಗಿಲ್ಲ ಬಿಡಮ್ಮಾ" ಎಂದು ಕ್ಷಮಿಸಿಬಿಟ್ಟಳು!

ಗಾಂಧಿ ಬಜಾರಿನ ಪ್ರಸಂಗ ಇನ್ನೂ ಘೋರ. ಬಲೂನು ಬೇಕೆಂದು ಹಟ ಹಿಡಿದ ಪುಟ್ಟಿ ಫುಟ್‌ಪಾತ್ ಮೇಲೆ ಕುಸಿದು ಕೂತಳು. ಎಳೆದುಕೊಂಡು ಹೋಗುವುದು ಲೋಕರೂಢಿ. ಅಕ್ಕ ತರಕಾರಿ ಚೀಲ ಪಕ್ಕಕ್ಕಿಟ್ಟು ತಾನೂ ಕೂತಳು! "ನಿಂಗೆ ಕೋಪ ಬಂದಿದೆ ಅಲ್ವಾ? ಹೋಗೋವರೆಗೂ ಕೂತಿರೋಣ."

ಕೋಪ ಹೋಗಲಿಲ್ಲ, ಜನ ಬಂದರು. ತಲೆ ಸುತ್ತಿ ಬಿದ್ದಿದ್ದಾರೆಂದು ಹೂವಿನಾಕೆ ಅಕ್ಕನ ಮುಖಕ್ಕೆ ನೀರು ಎರಚಿದಳು. ಹಿರಿಯರೊಬ್ಬರು ಮೂರ್ಛೆರೋಗವೇ ಇರಬೇಕೆಂದು ಅವಳ ಕೈಯೊಳಗೆ ಬೀಗದ ಕೈ ಗೊಂಚಲು ತುರುಕಿದರು. ಮತ್ತೊಬ್ಬರು ಆಟೋ ಕರೆದರು. ನಾನೇನು ಮಾಡುತ್ತಿದ್ದೆ? ಎದುರು ಅಂಗಡಿಯ ಬದನೆಕಾಯಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಕೊನೆಗೆ ಪುಟ್ಟಿಯೇ ಎದ್ದು ನಿಂತು ಕೂಗಿದಳು: "ನಮ್ಮಮ್ಮಂಗೆ ಏನೂ ಆಗಿಲ್ಲ! ಕೋಪ ಬಂದಿದ್ದು ನಂಗೆ!"

ಹೂವಿನಾಕೆ ಅಕ್ಕನನ್ನು ದಿಟ್ಟಿಸಿ ನೋಡಿದಳು. "ಅಲ್ಲಕ್ಕಾ, ಮಗೀಗೆ ಕೋಪ ಬಂದ್ರೆ ನೀನ್ಯಾಕೆ ನೆಲಕ್ಕೆ ಕೂತೆ?"

ಹಾಗಾದರೆ ಅಕ್ಕನಿಗೆ ಸಿಟ್ಟೇ ಬರುತ್ತಿರಲಿಲ್ಲವೇ? ಬರುತ್ತಿತ್ತು ಸ್ವಾಮಿ! ಬಂದಾಗ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುತ್ತಿದ್ದಳು. ಒಗೆದಿಟ್ಟ ಬಟ್ಟೆಯನ್ನೂ ತಂದು ಮತ್ತೆ ಕಲ್ಲಿಗೆ ಬಡಿಯುತ್ತಿದ್ದಳು. ಪುಟ್ಟಿ ತುಂಟತನ ಮಾಡಿದ ವಾರ ಭಾವನ ಷರ್ಟುಗಳಲ್ಲಿ ಒಂದು ಗುಂಡಿಯೂ ಉಳಿಯುತ್ತಿರಲಿಲ್ಲ. ಪಾಪ, ಆಫೀಸಿಗೆ ಪಿನ್ನು ಹಾಕಿಕೊಂಡು ಹೋಗುತ್ತಿದ್ದರು.

"ಹೀಗೆ ಮುದ್ದು ಮಾಡಿದ್ರೆ ಮಗು ಕೆಟ್ಟುಹೋಗತ್ತೆ ಕಣೇ" ಎಂದು ನಾನು ಬುದ್ಧಿ ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ಪುಟ್ಟಿ ಎಂಟನೇ ಕ್ಲಾಸಿಗೆ ಬಂದಳು. ಮಾರ್ಕ್ಸ್ ಕಾರ್ಡ್ ಕೊಟ್ಟ ದಿನ ಸಂಜೆ, ಅತ್ತು ಅತ್ತು ಮುಖ ಊದಿಸಿಕೊಂಡಿದ್ದ ಗೆಳತಿಯೊಬ್ಬಳನ್ನು ಕೈಹಿಡಿದು ಕರೆತಂದಳು.

"ಅಮ್ಮಾ, ಇವಳು ಲೆಕ್ಕದಲ್ಲಿ ಫೇಲು. ಮನೆಗೆ ಹೋಗಲ್ಲ, ಎಲ್ಲಿಗಾದ್ರೂ ಹೊರಟುಹೋಗ್ತೀನಿ ಅಂತ ಬಸ್ ಸ್ಟಾಪಲ್ಲಿ ನಿಂತಿದ್ಲು. ನಮ್ಮಮ್ಮನ ಹತ್ರ ಬಾ ಅಂತ ಕರ್ಕೊಂಡು ಬಂದೆ." ಉಸಿರೆಳೆದುಕೊಂಡು ಸೇರಿಸಿದಳು: "ನಾನೂ ಫೇಲು."

ಅಕ್ಕ ಇಬ್ಬರಿಗೂ ಬಿಸಿ ದೋಸೆ ಹಾಕಿದಳು. ಆಮೇಲೆ ಆ ಹುಡುಗಿಯನ್ನು ಮನೆಗೆ ಬಿಡಲು ಹೊರಟಳು. ನಾನೂ ಜೊತೆಗೆ ಹೋದೆ.

ಹುಡುಗಿಯ ತಂದೆ ಗೇಟಿನಲ್ಲೇ ನಿಂತಿದ್ದರು. "ಎಲ್ಲಿ ಹಾಳಾಗಿ ಹೋಗಿದ್ದೆ?" ಎನ್ನುತ್ತಲೇ ಕೈ ಎತ್ತಿದರು. ಅಕ್ಕ ನಡುವೆ ಹೋಗಿ ನಿಂತಳು.

"ಬೇಡಿ ಸಾರ್. ಮನೆಗೆ ಬರೋಕೆ ಭಯ ಅಂತ ಬಸ್ ಸ್ಟಾಪಲ್ಲಿ ನಿಂತಿತ್ತು ಮಗು. ಬಂದಿದೆಯಲ್ಲ, ಒಳಗೆ ಕರ್ಕೊಳ್ಳಿ."

ಅವರ ಕೈ ಮೆಲ್ಲಗೆ ಇಳಿಯಿತು. ಮಗಳನ್ನೇ ನೋಡುತ್ತ, "ನನ್ನ ಕಂಡ್ರೆ ಅಷ್ಟು ಭಯಾನಾ?" ಎಂದು ಕೇಳಿದರು. ಅವಳ ಹೆಗಲಿನಿಂದ ಸ್ಕೂಲ್ ಬ್ಯಾಗು ಬಿಡಿಸಿ ತಮ್ಮ ಹೆಗಲಿಗೆ ಹಾಕಿಕೊಂಡು, ಗೇಟನ್ನು ಅಗಲವಾಗಿ ತೆರೆದು ಹಿಡಿದರು.

ವಾಪಸು ಬರುವಾಗ ಅಕ್ಕ ನನ್ನ ತೋಳು ಹಿಡಿದುಕೊಂಡಳು. ಮನೆ ಸೇರಿದವಳೇ ಹಿತ್ತಲಿಗೆ ಹೋಗಿ, ಒಗೆದಿಟ್ಟ ಬಟ್ಟೆಯನ್ನು ಮತ್ತೆ ಕಲ್ಲಿಗೆ ಬಡಿಯತೊಡಗಿದಳು. ನಾನು ಬುದ್ಧಿ ಹೇಳುವುದನ್ನು ಬಿಟ್ಟು ಬಕೆಟ್ಟಿಗೆ ನೀರು ತುಂಬಿಕೊಟ್ಟೆ.