ಹೂವಿನ ಪಾತಿಯಲ್ಲಿ ಎಣ್ಣೆ ಬಾವಿ

“ಇನ್ನು ಮೇಲೆ ಈ ಮನೆಯವರು ಪೆಟ್ರೋಲ್ ಬಂಕ್ ಕಡೆ ತಲೆ ಹಾಕಿನೂ ಮಲಗಲ್ಲ!”

ಹೀಗೆಂದು ಕನ್ನಡಕದ ಅಂಗಡಿಯ ಯಜಮಾನರು ಶುಕ್ರವಾರ ಬೆಳಿಗ್ಗೆ ಘೋಷಿಸಿದಾಗ ಅವರ ಕೈಯಲ್ಲೊಂದು ಜಾಡಿ, ಜಾಡಿಯ ತುಂಬ ಹಸಿಮಣ್ಣು. ಹೆಂಡತಿ ತಿಂಡಿಯ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು. ಅವರು ಶಾಲೆಯಲ್ಲಿ ಗಣಿತದ ಟೀಚರು. ಗಂಡನ ಘೋಷಣೆಗಳನ್ನು ಯಾವತ್ತೂ ಶೇಷ ತೆಗೆದೇ ನಂಬುವವರು.

ಪೆಟ್ರೋಲ್ ಬೆಲೆ ಗಗನಕ್ಕೇರಿದ ದಿನದಿಂದ ಯಜಮಾನರಿಗೆ ಒಂದೇ ಜಪ. ಕಣ್ಣು ಪರೀಕ್ಷೆಗೆ ಬಂದ ಗಿರಾಕಿ ಯಂತ್ರಕ್ಕೆ ಗದ್ದ ಒತ್ತಿ ಕೂತರೆ ಮುಗಿಯಿತು, ಬಾಯಿ ಬಿಡುವಂತಿಲ್ಲ, ಎದ್ದು ಓಡುವಂತಿಲ್ಲ. ಇಂಥ ಸಭಿಕರು ಯಾವ ಭಾಷಣಕಾರನಿಗೆ ಸಿಕ್ಕಾರು!

“ಕಾಲ ಕೆಳಗೇ ಎಣ್ಣೆ ಇಟ್ಕೊಂಡು ಹೊರಗಿನವರ ಮುಂದೆ ಡಬ್ಬ ಹಿಡಿದು ನಿಂತಿದ್ದೀವಲ್ರೀ! ನಮ್ಮ ನೆಲ ನಾವು ಕೊರೆದ್ರೆ ಯಾರಪ್ಪನ ಗಂಟು ಹೋಗುತ್ತೆ?”

“ಸ್ವಾಮೀ, ಕೊನೇ ಸಾಲೂ ಕಾಣ್ತಿದೆ. ಏಳ್ಲಾ?”

“ಕೂತ್ಕೊಳ್ರೀ, ಇನ್ನೊಂದು ಕಣ್ಣು ಬಾಕಿ ಇದೆ!”

ಮನೆಯಲ್ಲಿ ವಿರೋಧ ಪಕ್ಷ ಅಂದರೆ ಮಾವ. ಅಂಚೆ ಕಚೇರಿಯಿಂದ ನಿವೃತ್ತರಾಗಿ ಮಗಳ ಮನೆಗೆ ಬಂದವರಿಗೆ ಅಂಗಳದ ಹೂವಿನ ಪಾತಿಯೇ ಸಾಮ್ರಾಜ್ಯ. “ಕೊರೆದೂ ಕೊರೆದೂ ಮಣ್ಣು ನೀರು ಎಲ್ಲ ಕೆಡಿಸಿ, ಆಮೇಲೆ ಮೊಮ್ಮಗಳಿಗೆ ಏನು, ಲೋಟದಲ್ಲಿ ಎಣ್ಣೆ ಕೊಡ್ತೀರಾ?” ಎಂದು ಅವರು ಕೇಳುವರು. ಊಟ ತಣ್ಣಗಾಗುವುದು, ಚರ್ಚೆ ಬಿಸಿಯಾಗುವುದು.

ಹೆಂಡತಿ ಯಾವ ಪಕ್ಷವೂ ಅಲ್ಲ. ಅವರ ಕಣ್ಣಿದ್ದದ್ದು ಹಳೆಯ ಹಸಿರು ಕಾರಿನ ಮೇಲೆ. “ಅದು ಕಾರಲ್ಲ ರೀ, ಕುಡುಕ. ಎಷ್ಟು ಹೊಯ್ದರೂ ಸಾಲದು. ಭಾನುವಾರ ಸಂಜೆ ನಮ್ಮ ಚಿಕ್ಕಪ್ಪನ ಮಗ ಬಂದು ತಗೊಂಡು ಹೋಗ್ತಾನೆ. ಮಾತಾಡಿ ಆಗಿದೆ.”

ಯಜಮಾನರು ಎದ್ದು ಹೋಗಿ ಕಾರಿನ ಬೆನ್ನು ಸವರಿದ್ದರು. ಅಂಗಡಿ ಇಟ್ಟ ಹೊಸದರಲ್ಲಿ ಕೊಂಡ ಕಾರು! ಮಗಳು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದೇ ಕಾರಿನಲ್ಲಿ. ಅದನ್ನು ಮಾರುವುದೆಂದರೆ ಅವರಿಗೆ ಅಳುವೇ ಬರುತ್ತಿತ್ತು. ಅಂಥ ಹೊತ್ತಿನಲ್ಲೇ ಮಾವ ಗೊಣಗಿದ್ದು, “ಕಾರು ನಿಲ್ಲಿಸೋ ಕಡೆ ಗಿಡ ಎಲ್ಲ ಬಾಡ್ತಿದೆ, ಒಂದಿಷ್ಟು ಮಣ್ಣು ಕೆದಕಿ ನೋಡಬಾರದಾ?” ಅಳಿಯ ಕೆದಕಿದರು. ಮೂಸಿದರು. ಪೆಟ್ರೋಲ್! ಅಪ್ಪಟ ಪೆಟ್ರೋಲಿನ ವಾಸನೆ!

“ನೋಡಿ ಮಾವ, ಭೂತಾಯಿ ನನ್ನ ಪಕ್ಷ!”

ಶನಿವಾರ ಅಂಗಡಿಗೆ ಬೀಗ. ಮುಂಡಾಸು ಸುತ್ತಿ, ಗುದ್ದಲಿ ಹಿಡಿದು ಯಜಮಾನರು ಪಾತಿಗಿಳಿದರು. ಆಶ್ಚರ್ಯವೆಂದರೆ, ಕೊರೆಯುವುದೆಂದರೆ ಉರಿದುಬೀಳುತ್ತಿದ್ದ ಮಾವ ಅಂದು ಕುರ್ಚಿ ಹಾಕಿಸಿಕೊಂಡು ಕೂತು ಹುರಿದುಂಬಿಸಿದರು. “ಇನ್ನೂ ಸ್ವಲ್ಪ ಅಗಲ ಮಾಡಿ ಅಳಿಯಂದ್ರೇ. ಹಾಂ, ವಾಸನೆ ಮಣ್ಣೆಲ್ಲ ಆ ಕಡೆ ಗುಡ್ಡೆ ಹಾಕಿ.” ಪಕ್ಕದ ಮನೆಯ ದರ್ಜಿ ಗೋಡೆಯ ಮೇಲಿಂದ ಇಣುಕಿ, “ಎಣ್ಣೆ ಈ ಕಡೆಗೂ ಹರಿದಿದ್ರೆ ನನಗೂ ಪಾಲು ಬರ್ಬೇಕು” ಎಂದು ಮೊದಲೇ ಹೇಳಿಟ್ಟ.

ಗುಂಡಿ ಸೊಂಟದ ಮಟ್ಟ ಬಂತು. ಆದರೆ ಆಳಕ್ಕೆ ಹೋದಷ್ಟೂ ವಾಸನೆ ಕಮ್ಮಿ!

“ಮೇಲೆ ಇದೆ, ಕೆಳಗಿಲ್ಲ. ಯಾಕಂತೆ?” ಎಂದರು ಗಣಿತದ ಟೀಚರು.

“ಎಣ್ಣೆಯ ಗುಣವೇ ತೇಲೋದು ಕಣೇ! ನಾಳೆ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರಿಗೆ ಮಣ್ಣು ತೋರಿಸೋಣ, ಸಂಜೆ ಕಾರಿಗೆ ಬರೋ ನಿನ್ನ ತಮ್ಮನಿಗೆ ಟಾಟಾ ಹೇಳೋಣ!” ಎಂದು ಯಜಮಾನರು ಹೋಗಿ, ಇದೇ ತಮ್ಮ ಜೀವನದ ಕೊನೆಯ ಖರೀದಿಯೆಂದು ಸಾರಿ ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದರು.

ಭಾನುವಾರ ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಜಾಡಿಯನ್ನು ಹೆಂಡತಿಯ ಮಡಿಲಲ್ಲಿಟ್ಟು ಯಜಮಾನರು ಕಾರನ್ನು ಹಿಂದಕ್ಕೆ ತೆಗೆದರು. ನಿನ್ನೆಯ ಮಣ್ಣಿನ ಗುಡ್ಡೆ ಹತ್ತಿ ಇಳಿಯುವಾಗ ಅಡಿಯಲ್ಲೇನೋ ‘ಕರ್‌ರ್’ ಎಂದಿತು.

“ಏನ್ರೀ ಅದು?”

“ಬಾವಿಯ ಒಡೆಯರಿಗೆ ಇದೆಲ್ಲ ಲೆಕ್ಕಕ್ಕಿಲ್ಲ!”

ಎರಡು ಬೀದಿ ದಾಟುವಷ್ಟರಲ್ಲಿ ಬಾವಿಯ ಒಡೆಯರ ಕಾರು ಕೆಮ್ಮಿ, ಮುಕ್ಕರಿಸಿ ನಿಂತೇಬಿಟ್ಟಿತು. ಪೆಟ್ರೋಲಿನ ಮುಳ್ಳು ಸೊನ್ನೆ ತೋರಿಸುತ್ತಿತ್ತು! “ಬಂಕಿನವನು ಗಾಳಿ ತುಂಬಿಸಿ ಕಳಿಸಿದ್ದಾನೆ!” ಎಂದು ಬೈಯುತ್ತ ಹೆಂಡತಿಯನ್ನು ಸ್ಟಿಯರಿಂಗಿಗೆ ಕೂರಿಸಿ, ತಾವು ಇಳಿದು ಹಿಂದಿನಿಂದ ತಳ್ಳತೊಡಗಿದರು. ನಾಲ್ಕು ಹೆಜ್ಜೆ ಹಾಕಿ ಉಸ್ಸೆಂದು ತಿರುಗಿ ನೋಡುತ್ತಾರೆ, ಒದ್ದೆ ರಸ್ತೆಯ ಉದ್ದಕ್ಕೂ ಕಾಮನಬಿಲ್ಲಿನ ಬಣ್ಣ! ಬಗ್ಗಿ ಮೂಸಿದರು. ಕುಣಿದಾಡಿದರು.

“ಬ್ರೇಕ್ ಹಾಕೇ! ಇಲ್ಲೂ ಇದೆ! ಅಲ್ಲೂ ಇದೆ! ನಮ್ಮ ಮನೆಯಿಂದ ಇಲ್ಲೀವರೆಗೂ ಒಂದೇ ಎಣ್ಣೆ ನಿಕ್ಷೇಪ! ಇಡೀ ಊರೇ ಪೆಟ್ರೋಲ್ ಮೇಲೆ ತೇಲ್ತಿದೆ ಕಣೇ!”

ಟೀಚರು ಇಳಿದು ಬಂದರು. ಬಣ್ಣದ ಗೆರೆಯನ್ನು ನೋಡಿದರು, ಗೆರೆ ಬಂದ ದಾರಿಯನ್ನು ನೋಡಿದರು, ಅದು ಕೊನೆಯಾದ ಜಾಗವನ್ನೂ ನೋಡಿದರು.

“ರೀ, ಕಾರಿನ ಮುಂದೆ ಯಾಕೆ ಎಣ್ಣೆ ಇಲ್ಲ?”

“ಅಂದ್ರೆ?”

“ನಿಮ್ಮ ನಿಕ್ಷೇಪ ನಮ್ಮ ಹಿಂದೆ ಮಾತ್ರ ಬರ್ತಿದೆಯಲ್ಲ, ಅದಕ್ಕೆ ಕೇಳಿದೆ. ಬಗ್ಗಿ ನೋಡಿ.”

ಊರವರಿಗೆಲ್ಲ ಕಣ್ಣು ಕಾಣುವಂತೆ ಮಾಡಿದ ಮಹಾನುಭಾವರು ಕಾರಿನಡಿಗೆ ಕಣ್ಣು ಹಾಯಿಸಿದರು. ಎಂದೋ ಬಿರುಕುಬಿಟ್ಟು, ಬೆಳಿಗ್ಗೆ ಗುಡ್ಡೆಗೆ ಉಜ್ಜಿ ಪೂರ್ತಿ ಹರಿದ ಗೇಣುದ್ದದ ರಬ್ಬರ್ ಪೈಪು. ತುದಿಯಲ್ಲಿ ಕಟ್ಟಕಡೆಯ ಹನಿ. ಅದೂ ಅವರ ಕಣ್ಣೆದುರೇ ತೊಟ್ಟೆಂದು ಬಿತ್ತು! ಇಷ್ಟು ತಿಂಗಳಿಂದ ಅವರು ಬಂಕಿನಿಂದ ಹೊತ್ತು ತಂದು ಮಾವನ ಹೂವಿನ ಪಾತಿಗೆ ಪೆಟ್ರೋಲ್ ಉಣಿಸುತ್ತಿದ್ದರು. ಅದನ್ನೇ ಅಗೆದು ಜಾಡಿಗೆ ತುಂಬಿದ್ದರು!

ಗ್ಯಾರೇಜಿನವರೆಗೂ ಯಜಮಾನರೇ ಕಾರು ತಳ್ಳಿ ಹೊಸ ಪೈಪು ಹಾಕಿಸಿದರು. ಮನೆಯ ತಿರುವಿನಲ್ಲಿ ಟೀಚರೇ ಫೋನ್ ತೆಗೆದು ತಮ್ಮನಿಗೆ ಹೇಳಿದರು, “ಕಾರು ಕೊಡಲ್ಲಪ್ಪ. ಪಾಪ, ಅದು ಕುಡೀತಿರಲಿಲ್ಲ, ಬರೀ ಚೆಲ್ತಿತ್ತು. ಇಷ್ಟು ದಿನ ಸುಮ್ಸುಮ್ನೆ ಬೈದೆ.” ಯಜಮಾನರಿಗೆ ಎಷ್ಟು ಸಂತೋಷವಾಯಿತೆಂದರೆ, ಒಂದು ಭಾಷಣ ಗಂಟಲವರೆಗೆ ಬಂದದ್ದನ್ನೂ ನುಂಗಿಕೊಂಡರು.

ಅಂಗಳದಲ್ಲಿ ಮಾವ ಕೈ ತೊಳೆದುಕೊಳ್ಳುತ್ತಿದ್ದರು. ಗುಂಡಿ ಇರಲಿಲ್ಲ. ಅದರ ಜಾಗದಲ್ಲಿ ಹೊಸ ಮಣ್ಣು ತುಂಬಿ, ನೀರುಂಡು, ನೆಟ್ಟಗೆ ನಿಂತಿತ್ತು ಒಂದು ನಿಂಬೆ ಸಸಿ.

“ಎರಡು ಮಳೆಗಾಲದಿಂದ ಒಂದು ಗುಂಡಿ ತೋಡಿಕೊಡಿ ಅಂತ ಬೇಡಿಕೊಂಡೆ. ಸೊಂಟ ನೋವು ಅಂತಿದ್ರಿ. ಕೊರೆಯೋದ್ರಲ್ಲೂ ಲಾಭ ಇದೆ, ಒಪ್ಕೊಂಡೆ ಅಳಿಯಂದ್ರೇ!”

ಯಜಮಾನರು ನಾಚಿ ನಕ್ಕು ಒಳಗೆ ಹೊರಟರು. ಮೆಟ್ಟಿಲು ಹತ್ತುವಷ್ಟರಲ್ಲಿ ಹಿಂದಿನಿಂದ ಮಾವನ ದನಿ ಕೇಳಿಸಿತು.

“ಅಂದಹಾಗೆ, ಆ ಗೋಡೆ ಮೂಲೇಲೂ ಯಾಕೋ ಪೆಟ್ರೋಲ್ ವಾಸನೆ ಬರ್ತಿದೆ ಕಣ್ರೀ!”

ಯಜಮಾನರ ಕಾಲು ತಾನಾಗಿ ಗುದ್ದಲಿಯ ಕಡೆ ತಿರುಗಿತು. ಆಮೇಲೆ ಕಂಡಿತು, ಮಾವನ ಬೆನ್ನ ಹಿಂದಿನಿಂದ ಎಲೆಯಾಡಿಸುತ್ತಿದ್ದ ಇನ್ನೊಂದು ನಿಂಬೆ ಸಸಿ.